ಅವನು ಹಾಕದ ಸಹಿ

"ಆ ಹುಡುಗಿಯನ್ನ ಕೂರಿಸಿ, ಮೇಡಂ."

ಕೊನೆಯ ಬೆಂಚಿನಿಂದ ಬಂದ ಮಾತಿಗೆ ಇಡೀ ತರಗತಿ ಹಿಂತಿರುಗಿ ನೋಡಿತು. ಇಂಗ್ಲಿಷ್ ಮೇಡಂ ಕೈಯಲ್ಲಿದ್ದ ಚಾಕ್‌ಪೀಸ್ ಬೋರ್ಡಿನ ಮೇಲೆ ಅಲ್ಲೇ ನಿಂತಿತು.

ಮಾತನಾಡಿದವನು ವಿಶ್ವವಿದ್ಯಾಲಯ ಕಳಿಸಿದ ಪರಿಶೀಲಕ. ನೀರು, ಕಸ, ವಿದ್ಯುತ್ತು, ಸುಸ್ಥಿರ ಅಭಿವೃದ್ಧಿ... ಇವುಗಳ ಮೂಲಕವೇ ಇಂಗ್ಲಿಷ್ ಕಲಿಸಬೇಕೆಂದು ಮೇಡಂ ಒಬ್ಬಳೇ ಕೂತು ಕಟ್ಟಿದ ಪಾಠಕ್ರಮವನ್ನು ಪರೀಕ್ಷಿಸಲು ಬಂದಿದ್ದ. ಅವನು ಒಪ್ಪಿದರೆ ಉಳಿಯುತ್ತದೆ. ಇಲ್ಲದಿದ್ದರೆ ಮತ್ತೆ ಅದೇ ಗೈಡು, ಅದೇ ಬಾಯಿಪಾಠ.

ಮೇಡಂ ಕೇಳಿದ ಪ್ರಶ್ನೆ ಸರಳವಾಗಿತ್ತು. ಮನೆಯಲ್ಲಿ ನೀರು ಹೇಗೆ ಉಳಿಸುತ್ತೀರಿ, ಇಂಗ್ಲಿಷಿನಲ್ಲಿ ಹೇಳಿ. ಎಲ್ಲರೂ ಷವರ್, ನಲ್ಲಿ ಎಂದು ಏನೋ ಹೇಳಿ ಕುಳಿತರು. ಆ ಹುಡುಗಿ ಮಾತ್ರ ತಲೆ ತಗ್ಗಿಸಿ ನಿಂತೇ ಇದ್ದಳು.

ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಮೇಡಂ ಅವನನ್ನು ತಡೆದಳು. "ನನ್ನ ಮಕ್ಕಳ ಮುಂದೆ ನನ್ನ ಮಾತು ಕಡಿದ್ರಿ."

"ತಪ್ಪಾಯ್ತು. ಆದ್ರೆ ಬೆಳಿಗ್ಗೆ ಬರ್ತಾ ನೋಡ್ದೆ, ಟ್ಯಾಂಕರ್ ಮುಂದೆ ಕೊಡ ಹಿಡ್ಕೊಂಡು ನಿಂತಿದ್ಲು. ಮನೇಲಿ ನಲ್ಲಿನೇ ಇಲ್ಲದವಳು ಏನಂತ ಉಳಿಸ್ಬೇಕು?"

ಅವಳು ಪಾಠದ ಹಾಳೆಗಳನ್ನು ಬಾಚಿಕೊಂಡು ಎದ್ದಳು. ಸಿಟ್ಟು ಬಂದಿತ್ತು. ಅವನ ಮೇಲೋ, ತನ್ನ ಮೇಲೋ...

ಅವನು ಎರಡನೇ ಬಾರಿ ಬಂದಾಗ ಪಾಠ ಬದಲಾಗಿತ್ತು. ಈಗ ಮಕ್ಕಳು ಉತ್ತರ ಹೇಳಬೇಕಿರಲಿಲ್ಲ, ಪ್ರಶ್ನೆ ಕೇಳಬೇಕಿತ್ತು. ಆ ಹುಡುಗಿ ತಡವರಿಸುತ್ತಲೇ ಇಂಗ್ಲಿಷಿನಲ್ಲಿ ಕೇಳಿದಳು: ಕಾಲೇಜಿನ ಹುಲ್ಲಿಗೆ ದಿನವೂ ನೀರು ಬಿಡುತ್ತೀರಿ, ನಮ್ಮ ಬೀದಿಗೆ ಯಾವಾಗ?

ಯಾರೂ ನಗಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಆ ಸಂಜೆ ಕಾರಿಡಾರಿನಲ್ಲಿ ಇಬ್ಬರೂ ಬಹಳ ಹೊತ್ತು ಮಾತನಾಡಿದರು. ಇಂಥ ಪಾಠ ತಾನೆಲ್ಲೂ ನೋಡಿಲ್ಲ ಎಂದ ಅವನು. ಮನೆಗೆ ಬಂದ ಮೇಲೂ ಅವಳ ಕಿವಿಯಲ್ಲಿ ಅವನದೇ ದನಿ. 'ಈ ವಯಸ್ಸಿನಲ್ಲಿ ಇದೇನಾಯ್ತು ನನಗೆ...'

ವಾರ ಕಳೆಯುವುದರೊಳಗೆ, ಎಲ್ಲರ ಸುದ್ದಿಯನ್ನೂ ಬಿತ್ತರಿಸುವ ಸಹೋದ್ಯೋಗಿ ರೇಡಿಯೋ ಅಕ್ಕ ಪಕ್ಕದಲ್ಲಿ ಬಂದು ಕೂತರು.

"ನಿನ್ನ ಪರಿಶೀಲಕ ಕೈ ಎತ್ಬಿಟ್ನಂತೆ ಕಣೇ. ವರದಿಗೆ ಸಹಿ ಹಾಕಲ್ಲ ಅಂದನಂತೆ."

"ಅವರು ನನ್ನ ಪರಿಶೀಲಕ ಅಲ್ಲ, ಅಕ್ಕ."

"ಹಾಗಾದ್ರೆ ಕಣ್ಣು ಯಾಕೆ ಕೆಂಪಾಯ್ತು?"

ಪಾಠ ಹೋಯಿತೆಂಬುದಕ್ಕಿಂತ, ಆ ಸಂಜೆಯ ಮಾತೆಲ್ಲ ಸುಳ್ಳಾಯಿತಲ್ಲ ಎಂಬುದೇ ಅವಳನ್ನು ಸುಟ್ಟಿತು. ಅವನ ಫೋನ್ ಬಂದರೂ ಎತ್ತಲಿಲ್ಲ.

ಅವನ ಬದಲು ಬಿಗಿ ಮುಖದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಬಂದರು. ದಿನವಿಡೀ ಕೂತರು. ಮಕ್ಕಳನ್ನು ಕೆದಕಿ ಕೆದಕಿ ಮಾತನಾಡಿಸಿದರು. ಹೊರಡುವಾಗ, "ನನ್ನ ಒಪ್ಪಿಗೆ ಇದೆ, ಮುಂದುವರಿಸಿ" ಎಂದಷ್ಟೇ ಹೇಳಿದರು.

ಪಾಠ ಉಳಿಯಿತು. ಆದರೂ ಅವಳ ಎದೆಯ ಭಾರ ಇಳಿಯಲಿಲ್ಲ.

ಅಂದು ಸಂಜೆ ಖಾಲಿ ತರಗತಿಯ ಬಾಗಿಲಲ್ಲಿ ಅವನು ನಿಂತಿದ್ದ.

"ಒಪ್ಪಿದ್ರಂತೆ."

"ಹೌದು. ನಿಮ್ಮ ಸಹಿ ಇಲ್ದೇನೇ."

"ಪಾಠ ನೋಡಿ ಸಹಿ ಹಾಕ್ತಿದೀನೋ, ಪಾಠ ಮಾಡೋರನ್ನ ನೋಡಿ ಹಾಕ್ತಿದೀನೋ... ನನಗೇ ಗೊತ್ತಾಗ್ಲಿಲ್ಲ, ಮೇಡಂ. ನಾಳೆ ಜನ ನಿಮ್ಮನ್ನ ಆಡ್ಕೋಬಾರದು ಅಂತ ಬೇರೆಯವರಿಗೆ ಬಿಟ್ಕೊಟ್ಟೆ."

ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಕಣ್ಣು ತುಂಬಿತ್ತು. "ಒಂದು ಮಾತು ಹೇಳ್ಬಹುದಿತ್ತಲ್ಲ. ಎಷ್ಟು ನೊಂದೆ ಗೊತ್ತಾ?"

"ಹೇಳೋಕೇ ಫೋನ್ ಮಾಡಿದ್ದು. ಎತ್ಬೇಕಿತ್ತಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಮನೇಲಿ ಅಮ್ಮ ಇದ್ದಾರೆ. ನನ್ನನ್ನ ಕೇಳ್ಕೊಂಡು ಬಂದವರನ್ನೆಲ್ಲ ಬೆವರಿಳಿಸಿ ಕಳಿಸಿದ್ದಾರೆ."

"ಇಳಿಸ್ಲಿ. ನಾನು ಎದ್ದು ಹೋಗಲ್ಲ."

"ಯಾವಾಗ ಬರ್ತೀರಿ?"

"ನೀವು ಕರೆದಾಗ."

"ಕರೆದಾಯ್ತು..." ಎಂದಳು ಅವಳು.