ಅಡಿಯ ಬಣ್ಣ

ಮಾಯಣ್ಣ ಮೊದಲ ಸಲ ನಮ್ಮ ಕಾರ್ಖಾನೆಗೆ ಬಂದಾಗ ಊದಿ ನುಡಿಸಲು ಒಂದು ಮರದ ಬುರುಡೆ ಬೇಕು ಅಂದ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಹತ್ತಿರ ಜನ ಕುದುರೆ ಕೇಳುತ್ತಾರೆ, ಬುಗುರಿ ಕೇಳುತ್ತಾರೆ, ಮಗುವಿಗೆ ಗಿಲಕಿ ಕೇಳುತ್ತಾರೆ. ಬುರುಡೆ ಕೇಳಿದವನು ಇವನೊಬ್ಬನೇ. ರೇಷ್ಮೆ ಲಡಿಗೆ ಕಟ್ಟುವ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡು ಬಂದಿದ್ದ. ಒಳಗೆ ಪೊಳ್ಳು, ಮೇಲೊಂದು ಕುತ್ತಿಗೆ, ಪಕ್ಕದಲ್ಲಿ ಒಂದು ತೂತು. ಗೋಡೆ ಹಪ್ಪಳದಷ್ಟು ತೆಳ್ಳಗಿರಬೇಕಂತೆ.

ಮಾಲೀಕರು ಅಸದುಲ್ಲಾ ಸಾಬರು ಆ ಚೀಟಿಯನ್ನು ಅತ್ತಿತ್ತ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ತೆಳ್ಳಗಿನ ಕೆಲಸವೆಲ್ಲ ನನ್ನ ಲೇತಿಗೇ ಬರುತ್ತಿತ್ತು. ಹದಿನಾರಕ್ಕೆ ಅವರ ಹತ್ತಿರ ಕೆಲಸಕ್ಕೆ ಸೇರಿದವಳು ನಾನು, ಅಂಬಮ್ಮ. ಆಗ ನನಗೆ ಇಪ್ಪತ್ಮೂರು.

"ಒಡ್ದೋಯ್ತದೆ," ಅಂದೆ.

"ಒಡೀಲಿ. ಇನ್ನೊಂದು ಮಾಡಿ."

"ಅದೂ ಒಡ್ದೋದ್ರೆ?"

"ನಾನಿಲ್ಲೇ ಕೂತಿರ್ತೀನಿ ಬುಡಿ. ನಂಗೇನು ಅರ್ಜೆಂಟಿಲ್ಲ."

ಮೂರು ಒಡೆದವು. ಅವನು ಕೂತೇ ಇದ್ದ. ನನ್ನನ್ನೇ ನೋಡುತ್ತಿದ್ದಾನೆ ಅಂದುಕೊಂಡು, ತಲೆ ಎತ್ತಬಾರದು ಅಂತ ಬಿಗಿಯಾಗಿ ಕೂತಿದ್ದೆ. ಕೊನೆಗೆ ಎತ್ತಿದರೆ ಅವನು ಕಣ್ಣು ಮುಚ್ಚಿದ್ದ. ನಿದ್ದೆ ಹೋಗಿರಬೇಕು ಅಂತ ಲೇತು ನಿಲ್ಲಿಸಿದೆ. ತಟ್ಟನೆ ಕಣ್ಣು ಬಿಟ್ಟು, ಯಾಕೆ ನಿಲ್ಲಿಸಿದಿರಿ, ಚೆನ್ನಾಗಿತ್ತಲ್ಲ ಅಂದ. ನನ್ನನ್ನು ಬಿಟ್ಟು ನನ್ನ ಲೇತನ್ನು ಹೊಗಳಿದ ಗಂಡಸನ್ನು ಅದೇ ಮೊದಲು ನೋಡಿದ್ದು. ನನಗೆ ಒಸಿ ಸಿಟ್ಟೇ ಬಂತು.

ನಾಲ್ಕನೆಯ ಬುರುಡೆ ಒಡೆಯಲಿಲ್ಲ. ಅವನು ಅದನ್ನು ಕಿವಿಗೆ ಹಿಡಿದು ಬೆರಳಲ್ಲಿ ತಟ್ಟಿ, ನನ್ನ ಕಡೆ ನೋಡಿ ನಕ್ಕ. ಮುಂದಿನ ಎರಡು ದಿನ ಆ ನಗು ಕಡೆಯುವ ಕೆಲಸಕ್ಕೆ ಅಡ್ಡ ಬಂತು ಅಂತ ಮಾತ್ರ ಹೇಳುತ್ತೇನೆ.

ಆಗ ರೇಷ್ಮೆಗೆ ಒಳ್ಳೆಯ ಕಾಲ. ಬೆಳಗಾದರೆ ರಾಮನಗರದ ಮಾರ್ಕೆಟ್ಟಿಗೆ ಹೋಗುವ ಬಸ್ಸುಗಳ ಟಾಪಿನ ಮೇಲೆಲ್ಲ ಗೂಡಿನ ಮೂಟೆ. ಹಳ್ಳಿಗಳಲ್ಲಿ ರಾಗಿ ಹೊಲ ಹೋಗಿ ಹಿಪ್ಪುನೇರಳೆ ಬಂದಿತ್ತು, ಹೆಂಚು ಹೋಗಿ ತಾರಸಿ ಬಂದಿತ್ತು. ಮರಳವಾಡಿಯಲ್ಲಿ ಮಾಯಣ್ಣನ ಅಪ್ಪ ಪುಟ್ಟಲಿಂಗಯ್ಯನವರು, ಬೆಳೆ ಚೆನ್ನಾಗಿ ಕೈಗೆ ಬಂದಾಗ, ಮಗನಿಗೆ ಮೋಟರ್ ಸೈಕಲ್ ಕೊಡಿಸುತ್ತೇನೆ ಅಂದರಂತೆ. ಇವನು ಎರಡು ಟೇಪ್ ರೆಕಾರ್ಡರ್ ಕೇಳಿದ. ಒಂದು ಸಾಲದೇನೋ ಅಂದರೆ, ಒಂದಿದ್ದರೆ ನಾನು ಒಬ್ಬನೇ, ಎರಡಿದ್ದರೆ ಎಷ್ಟು ಜನ ಬೇಕಾದರೂ ಆಗುತ್ತೇನೆ ಅಂದನಂತೆ. ಅವರಪ್ಪ ಈ ಮಾತನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಬೇಜಾರು ಮಾಡಿಕೊಳ್ಳುತ್ತಿದ್ದರು.

ಅವನು ಕೆಲಸಕ್ಕಿದ್ದದ್ದು ರಾಮನಗರದಲ್ಲಿ, ರೇಷ್ಮೆ ದಾರಕ್ಕೆ ಹುರಿ ಹಾಕುವ ಕಾರ್ಖಾನೆಯಲ್ಲಿ. ಅಲ್ಲಿ ಬಿದ್ದ ತುಂಡು ದಾರ ಹೊಸೆದು ತಂತಿ ಮಾಡುತ್ತಿದ್ದ. ಸಂಗೀತ ಅವನಿಗೆ ಯಾರೂ ಕಲಿಸಿದ್ದಲ್ಲ. ನಾಟಕದವರು ಊರಲ್ಲಿ ಬಿಟ್ಟುಹೋದ ಒಡಕು ಹಾರ್ಮೋನಿಯಂ ಒಂದನ್ನು ಬಿಚ್ಚಿ ಜೋಡಿಸಿ ಕಲಿತಿದ್ದ. ಆಮೇಲೆ ಸಿಕ್ಕಿದ್ದೆಲ್ಲ ವಾದ್ಯವಾಯಿತು. ಎಲ್ಲವನ್ನೂ ಅವನೇ ನುಡಿಸುತ್ತಿದ್ದ. ಮೊದಲು ಒಂದನ್ನು ನುಡಿಸಿ ಒಂದು ಟೇಪಿಗೆ ಹಿಡಿಯುವುದು. ಅದನ್ನು ಹಾಕಿಕೊಂಡು ಅದರ ಜೊತೆ ಇನ್ನೊಂದನ್ನು ನುಡಿಸಿ, ಎರಡನ್ನೂ ಕೂಡಿಸಿ ಎರಡನೇ ಟೇಪಿಗೆ ಹಿಡಿಯುವುದು. ಮತ್ತೆ ಅದನ್ನು ಹಾಕಿ ಮೂರನೆಯದು. ಹೀಗೆ ಒಬ್ಬನೇ ಕೂತು ಏಳೆಂಟು ಜನರ ಮೇಳ ಕಟ್ಟುತ್ತಿದ್ದ.

ವಾರಕ್ಕೊಂದು ಸಲ ಬರತೊಡಗಿದ. ಒಂದೇ ಸಲ ನಾಲ್ಕು ಚೀಟಿ ಕೊಡಬಹುದಿತ್ತು. ಒಂದೊಂದೇ ಕೊಡುತ್ತಿದ್ದ. ಈ ಹುಡುಗನ ವಾದ್ಯ ಮುಗಿಯುವ ಹಾಗಿಲ್ಲ ಬೇಟಿ ಅಂತ ಸಾಬರು ಅರಗಿನ ಕಡ್ಡಿ ಕಾಯಿಸುತ್ತಾ ಅನ್ನುತ್ತಿದ್ದರು. ಅವನು ನನ್ನನ್ನು ಅಂಬಮ್ಮೋರೆ ಅನ್ನುತ್ತಿದ್ದ. ನಾನು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಸರಿನ ಕೊನೆಗೆ ಅಣ್ಣ ಇತ್ತು, ಅದು ನನಗೆ ಬೇಕಿರಲಿಲ್ಲ.

ಒಂದು ದಿನ ಟೇಪ್ ತಂದ. ಬೊಂಬೆಗೆ ಅರಗಿನ ಬಣ್ಣ ಹತ್ತಿದ ಮೇಲೆ, ತಿರುಗುವ ಮರಕ್ಕೆ ಒಣಗಿದ ತಾಳೆಗರಿ ಒತ್ತಿ ಹೊಳಪು ಕೊಡುತ್ತೇವೆ. ಆಗ ಗರಿ ಹಾಡಿದಂತೆ ಸದ್ದು ಮಾಡುತ್ತದೆ. ಅದು ಅವನಿಗೆ ಬೇಕಿತ್ತು. ನನ್ನ ಗಾಜಿನ ಬಳೆ ಅಡ್ಡ ಬಂದವು. ತೆಗೆಯಿರಿ ಅನ್ನಲು ಅವನಿಗೆ ಸಂಕೋಚ, ತೆಗೆಯಲು ನನಗೆ ಹಟ. ಕೊನೆಗೆ ಜೇಬಿನಿಂದ ಒಂದು ಎಳೆ ರೇಷ್ಮೆ ತೆಗೆದು, ಬಳೆಗಳನ್ನು ಸದ್ದಾಗದ ಹಾಗೆ ಒಟ್ಟಿಗೆ ಕಟ್ಟಿದ. ಅವನ ಬೆರಳು ನನ್ನ ಮಣಿಕಟ್ಟಿಗೆ ತಾಗಲಿಲ್ಲ. ತಾಗಬಾರದು ಅಂತ ಅವನು ಪಟ್ಟ ಪಾಡು ಮಾತ್ರ ಚೆನ್ನಾಗಿ ಗೊತ್ತಾಯಿತು. ಮನೆಗೆ ಹೋಗಿ ಆ ಎಳೆ ಬಿಚ್ಚಲು ನಾನು ಮೂರು ದಿನ ತೆಗೆದುಕೊಂಡೆ.

ಬೆಂಗಳೂರು ಆಕಾಶವಾಣಿಯ ಯುವಕರ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದ್ದ. ಅರ್ಜಿಯಲ್ಲಿ ಗುರುಗಳ ಹೆಸರು ಅಂತ ಒಂದು ಗೆರೆ ಇತ್ತಂತೆ, ಖಾಲಿ ಬಿಟ್ಟ. ನುಡಿಸುವ ವಾದ್ಯ ಅಂತ ಇನ್ನೊಂದು ಗೆರೆ, ಅದು ಸಾಲದೆ ಹಾಳೆಯ ಹಿಂದೆ ಹನ್ನೊಂದು ಬರೆದ. ಎರಡು ಸಲ ವಾಪಸ್ ಬಂತು. ಮೂರನೆಯ ಸಲ ಅಲ್ಲಿ ಯಾರೋ ಟೇಪನ್ನು ಪೂರ್ತಿ ಕೇಳಿದರು. ಒಂದು ಗುರುವಾರ ಸಾಯಂಕಾಲ ಹದಿನೈದು ನಿಮಿಷ ಕೊಟ್ಟರು.

ಅದೇ ವಾರ ನನಗೆ ದೊಡ್ಡಆಲಹಳ್ಳಿಯಿಂದ ಸಂಬಂಧ ಬಂತು. ಒಳ್ಳೆಯ ಮನೆ, ಹಿಪ್ಪುನೇರಳೆ ತೋಟ, ಹುಡುಗ ಎಸ್ಸೆಸ್ಸೆಲ್ಸಿ. ಭಾನುವಾರ ನೋಡಲು ಬರೋಣವೇ ಅಂತ ಕೇಳಿ ಕಳಿಸಿದ್ದರು. ಗುರುವಾರದ ತನಕ ತಡಿ ಅಂತ ಅಮ್ಮನಿಗೆ ಹೇಳಿ, ಮಾಯಣ್ಣನಿಗೆ ಈ ವಿಷಯ ತಿಳಿಸಿದೆ. ಯಾರದೋ ಮನೆ ಸಮಾಚಾರದಂತೆ ಹೇಳಿದೆ. ಅವನು ಉಳಿಯ ಹಿಡಿ ಸವರಿದ.

"ಗುರುವಾರ ಸಾಯಂಕಾಲ ರೇಡಿಯೋ ಕೇಳು," ಅಂದ. "ನನ್ ಬಾಯಲ್ಲಿ ಬರ್ದೇ ಇರೋದು ಅದ್ರಲ್ಲೈತೆ. ಅದ್ರಲ್ಲಿ ಎಲ್ರಿಗಿಂತ ಮೊದ್ಲು ನೀನೇ."

ನೀನು ಅಂದಿದ್ದು ಅದೇ ಮೊದಲು. ನಾನು ಗುರುವಾರಕ್ಕೆ ಕಾದೆ.

ಸಾಬರು ಲೇತುಗಳನ್ನೆಲ್ಲ ನಿಲ್ಲಿಸಿ ರೇಡಿಯೋ ಹಾಕಿದರು. ರೇಷ್ಮೆ ಹುಳ ಸೊಪ್ಪು ತಿನ್ನುವ ಸದ್ದು ಬಂತು. ಸಾಬರು ರೇಡಿಯೋ ಕೆಟ್ಟಿತೇನೋ ಅಂತ ಅದರ ತಲೆಗೆ ತಟ್ಟಿದರು. ಆಮೇಲೆ ರೇಷ್ಮೆ ತಂತಿ, ನನ್ನ ಬುರುಡೆಯ ಊದು, ಗೂಡು ಬೇಯಿಸುವ ತಪ್ಪಲೆಯ ತಾಳ, ಹಾರ್ಮೋನಿಯಂ. ಚೆನ್ನಾಗಿತ್ತು. ಇಂಥದನ್ನು ನಾನು ಕೇಳಿರಲಿಲ್ಲ. ಗರಿಯ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಅಂತ ಕೊನೆಯ ತನಕ ಸೆರಗಿನ ತುದಿ ಹಿಡಿದು ಕೂತಿದ್ದೆ. ಬರಲಿಲ್ಲ. ಎಲ್ಲ ವಾದ್ಯಗಳನ್ನು ನುಡಿಸಿದವರು ಮಾಯಣ್ಣ, ಮರಳವಾಡಿ ಅಂತ ಹೇಳಿ ರೇಡಿಯೋದವರು ಕೃಷಿರಂಗದ ಕಾರ್ಯಕ್ರಮಕ್ಕೆ ಹೋದರು.

ನನಗೆ ನೋವಾಯಿತು. ಬೇರೆ ಮಾತಿನಲ್ಲಿ ಹೇಳಲು ಗೊತ್ತಿಲ್ಲ. ತನ್ನಲ್ಲೇ ಎಂಟು ಜನ ಇರುವವನಿಗೆ ಒಂಬತ್ತನೆಯವಳು ಯಾಕೆ ಬೇಕು ಅಂದುಕೊಂಡೆ. ಮನೆಗೆ ಹೋಗಿ ಅಮ್ಮನಿಗೆ, ಭಾನುವಾರ ಬರಲಿ ಅಂದೆ.

ಶುಕ್ರವಾರ ನಮಗೆ ರಜ. ಬೆಂಗಳೂರಿಗೆ ಹೋಗಬೇಕಾದ ಗಿಲಕಿಗಳು ಬಾಕಿ ಇದ್ದವು ಅಂತ ನಾನು ಬಂದಿದ್ದೆ. ಸಾಬರು ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದರು. ಹನ್ನೊಂದಕ್ಕೆ ಮಾಯಣ್ಣ ಬಂದ. ಎರಡೂ ಟೇಪು ಚೀಲದಲ್ಲಿ, ಮುಖದ ತುಂಬಾ ನಗು.

"ಕೇಳುದ್ಯಾ?"

"ಕೇಳ್ದೆ. ನಾನಿರ್ನಿಲ್ಲ ಅದ್ರಲ್ಲಿ."

ನಗು ಹಾಗೇ ನಿಂತಿತು. ಚೀಲ ಬಿಚ್ಚಿ, ಟೇಪ್ ಹಾಕಿ, ಸ್ಪೀಕರಿಗೆ ಕಿವಿ ಒಡ್ಡಿದ. ಇಲ್ಲಿ, ಇಲ್ಲಿ ಐತಲ್ಲ ಅಂದ. ನಾನೂ ಕಿವಿ ಒಡ್ಡಿದೆ. ಇಬ್ಬರ ತಲೆಗೂ ನಡುವೆ ಒಂದು ಬೆರಳು ಹಿಡಿಸುವಷ್ಟು ಜಾಗ. ಅವನು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಟೇಪಿನಲ್ಲಿ ಮಾತ್ರ ಬರೀ ಸುಯ್ ಅನ್ನುವ ಗಾಳಿ.

"ನಂಗೆ ಕೇಳ್ತದೆ," ಅಂದ. ದನಿ ಸಣ್ಣಗಾಗಿತ್ತು. "ಎಲ್ಲಾನೂ ಇದನ್ನ ಕೇಳ್ಕಂಡೇ ನುಡ್ಸಿದ್ದು ಕಣಮ್ಮಿ. ಮೊದ್ಲು ನಿಂದೇ ಹಿಡ್ದಿದ್ದು. ಮುಖ್ಯವಾದ್ದು ಮೊದ್ಲು ಬರ್ಬೇಕು ಅಂದ್ಕಂಡೆ."

ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಒಂದರ ಮೇಲೊಂದು ಎಂಟು ಸಲ ಹಿಡಿದಿದ್ದ. ಪ್ರತಿ ಸಲವೂ ಮೊದಲಿನದು ಒಂದೊಂದು ಹೆಜ್ಜೆ ಹಿಂದೆ ಹೋಗಿತ್ತು. ಅದು ಎಲ್ಲಿದೆ ಅಂತ ಗೊತ್ತಿದ್ದ ಅವನೊಬ್ಬನನ್ನು ಬಿಟ್ಟು ಲೋಕದಲ್ಲಿ ಇನ್ಯಾರಿಗೂ ಅದು ಕೇಳುವ ಹಾಗಿರಲಿಲ್ಲ. ಹನ್ನೊಂದು ವಾದ್ಯ ಬರುವವನಿಗೆ ಇಷ್ಟು ತಿಳಿಯಲಿಲ್ಲವಲ್ಲ ಅಂತ ನಗು ಬಂತು. ಕಣ್ಣೂ ತುಂಬಿತು.

"ಬೊಂಬೆಗೆ ಮೊದ್ಲು ಹಚ್ಚೋ ಬಣ್ಣ ಕಾಣ್ಲಿ ಅಂತ ಯಾರೂ ಹಚ್ಚಲ್ಲ," ಅಂದೆ. "ಅದು ಅಡಿಯ ಬಣ್ಣ. ನೋಡೋರ್ಗೆ ಕಾಣೋದು ಕೊನೇಲಿ ಹಚ್ಚಿದ್ದು."

ಬಾಗಿಲಲ್ಲಿ ಸಾಬರು ಪೇಪರಿನಿಂದ ತಲೆ ಎತ್ತದೆ, ಸರಿ ಹೇಳಿದಳು ಅಂದರು. ಆಮೇಲೆ ನಮಾಜಿಗೆ ಹೊತ್ತಾಯಿತು ಅಂತ ಎದ್ದು ಹೋದರು. ನಮಾಜಿಗೆ ಇನ್ನೂ ಒಂದೂವರೆ ಗಂಟೆ ಇತ್ತು.

ಮಾಯಣ್ಣ ಟೇಪು ನೋಡುತ್ತಾ ಕೂತಿದ್ದ. ಭಾನುವಾರ ಬರೋಕ್ ಹೇಳ್ಬುಟ್ಟಾ ಅಂತ ಕೇಳಿದ. ಹೇಳಿದ್ದೇನೆ ಅಂದೆ. ತಲೆ ಆಡಿಸಿ ಚೀಲ ಹತ್ತಿರ ಎಳೆದುಕೊಂಡ. ಅವನು ಹೋಗಿಬಿಡುವ ಪೈಕಿ ಅಂತ ಗೊತ್ತಾಯಿತು. ಬೇಡ ಅನ್ನಲು ಅವನ ಹತ್ತಿರ ವಾದ್ಯವಿರಲಿಲ್ಲ.

"ಹನ್ನೆರಡಕ್ಕೆ ಕರೆಂಟ್ ಹೋಯ್ತದೆ," ಅಂದೆ. "ಬಿರ್ನೆ ಟೇಪ್ ಹಾಕಿ."

ಹಾಕಿದ. ಒಂದರಲ್ಲಿ ಅವನ ಎಂಟು ಜನ ನುಡಿಸುತ್ತಿದ್ದರು, ಇನ್ನೊಂದು ಕೆಂಪು ದೀಪ ಹತ್ತಿಸಿಕೊಂಡು ಕಾಯುತ್ತಿತ್ತು. ನಾನು ಲೇತಿಗೆ ಗಿಲಕಿ ಏರಿಸಿ, ಬಳೆ ಕಟ್ಟಲಿ ಅಂತ ಕೈ ಚಾಚಿದೆ. ಅವನು ರೇಷ್ಮೆ ಎಳೆ ತೆಗೆಯಲಿಲ್ಲ. ಬಳೆ ಇರಲಿ ಅಂದ.

ಮೊದಲನೆಯದು ಕೆಟ್ಟಿತು ಅಂದ. ಎರಡನೆಯದೂ ಕೆಟ್ಟಿತು ಅಂದ. ಎರಡೂ ಕೆಟ್ಟಿರಲಿಲ್ಲ, ನನಗೆ ಗೊತ್ತಿತ್ತು. ಮೂರನೆಯ ಸಲ ಅವನು ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಿದ್ದ. ನಾನೂ ಈ ಸಲ ತಲೆ ಬಗ್ಗಿಸಲಿಲ್ಲ. ಕೈ ತನ್ನ ಪಾಡಿಗೆ ಗರಿ ಒತ್ತುತ್ತಿತ್ತು. ಹಾರ್ಮೋನಿಯಂ ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಟೇಪುಗಳು ಸೆಲ್ಲಿನ ಮೇಲೆ ಓಡುತ್ತಿದ್ದವು. ಲೇತು ಒಮ್ಮೆಲೇ ನಿಲ್ಲಲಿಲ್ಲ, ನಿಧಾನವಾಗುತ್ತಾ ಹೋಯಿತು. ಗರಿ ತೆಗೆಯದೆ ಹಿಡಿದೇ ಇದ್ದೆ. ಅದರ ದನಿ ಇಳಿಯುತ್ತಾ, ಇಳಿಯುತ್ತಾ, ಮರ ನಿಂತ ಕಡೆ ನಿಂತಿತು. ನಾನು ಕೈ ಇಳಿಸಿದೆ. ಬಳೆ ಜಾರಿ ಮಣಿಕಟ್ಟಿಗೆ ಬಂದವು.

ಅವನು ಗುಂಡಿ ಒತ್ತಿ ಟೇಪ್ ನಿಲ್ಲಿಸಿದ. ಇದು ಕೆಟ್ಟಿತು ಅನ್ನಲಿಲ್ಲ.

"ಇದ್ರ ಮೇಲೆ ಇನ್ನೇನ್ ನುಡುಸ್ತೀರಿ?" ಅಂದೆ.

"ಇನ್ನೇನೂ ಇಲ್ಲ," ಅಂದ. "ನೀನೇ ಕೊನೆ."

ಸಂಜೆ ನಾನು ಅಮ್ಮನಿಗೆ, ದೊಡ್ಡಆಲಹಳ್ಳಿಯವರಿಗೆ ಬರುವುದು ಬೇಡ ಅಂತ ಹೇಳಿ ಕಳಿಸು ಅಂದೆ. ಅಮ್ಮ ಬೈದುಕೊಂಡೇ ಹೇಳಿ ಕಳಿಸಿದಳು. ಮಾಯಣ್ಣನನ್ನು ಕಂಡಾಗ ಅವಳು ಕೇಳಿದ ಮೊದಲ ಪ್ರಶ್ನೆ, ಎರಡು ಟೇಪು ಯಾಕೆ ಅಂತ.

ಆಮೇಲೆ ಅವನು ನಾಟಕಗಳಿಗೆ ನುಡಿಸಿದ, ದೊಡ್ಡ ಊರುಗಳಿಗೆ ಹೋದ, ಗುರು ಯಾರು ಅಂತ ಕೇಳಿಸಿಕೊಂಡ. ಹದಿನಾಲ್ಕು ಕ್ಯಾಸೆಟ್ಟು ಬಂದವು. ಹದಿಮೂರರ ಮೇಲೆ ಎಲ್ಲ ವಾದ್ಯಗಳು ಮಾಯಣ್ಣ ಅಂತ ಇದೆ, ಅದು ನಿಜವೂ ಹೌದು. ಮೊದಲನೆಯದರ ಮೇಲೆ ಹನ್ನೊಂದು ವಾದ್ಯಗಳ ಹೆಸರು ಬರೆದು, ಎಲ್ಲದರ ಕೆಳಗೆ, ಕೊನೆಯ ಸಾಲಿನಲ್ಲಿ, ಲೇತು ಮತ್ತು ಬಳೆ ಅಂಬಮ್ಮ ಅಂತ ಹಾಕಿಸಿದ್ದಾನೆ.