ತಟ್ಟೆಯ ನೀರು ಒರೆಸಿದವನು

ಅವಳು ಅಂದು ಬೇಗ ಬಂದದ್ದೇ ಒಳ್ಳೆಯದಾಯಿತು. ಹಲ್ಲಿನ ಕಾಲೇಜಿನ ಲ್ಯಾಬ್‌ನಲ್ಲಿ, ಪ್ರಯೋಗದ ಮಾದರಿಗಳನ್ನು ಬೆಚ್ಚಗಿಡುವ ಅವಳ ಇನ್‌ಕ್ಯುಬೇಟರ್ ಮುಂದೆ, ಕೃತಕ ಹಲ್ಲು ಮಾಡುವ ಟೆಕ್ನಿಷಿಯನ್ ಕುಕ್ಕರಗಾಲಿನಲ್ಲಿ ಕೂತು ಅದರ ತಳದ ತಟ್ಟೆಯ ನೀರನ್ನು ಒರೆಸುತ್ತಿದ್ದ. ಅವಳನ್ನು ಕಂಡವನೇ ಕಿವಿವರೆಗೂ ಕೆಂಪಾದ.

ರೂಟ್ ಕೆನಾಲ್ ಮಾಡಿದ ಹಲ್ಲಿನ ಬೇರೊಳಗೆ ಸಂದು ಬಿಡದಂತೆ ತುಂಬುವ ಸೀಲರ್ ಪೇಸ್ಟ್ ಹಳೆಯದು ಮೇಲೋ, ಹೊಸದು ಮೇಲೋ ಎಂಬುದೇ ಅವಳ ಥೀಸಿಸ್. ಎರಡು ಗಾಜುಗಳ ನಡುವೆ ಒತ್ತಿದಾಗ ಹೊಸದೇ ಚೆನ್ನಾಗಿ ಹರಡಿತ್ತು, ಎಕ್ಸ್‌-ರೇಯಲ್ಲೂ ಎದ್ದು ಕಂಡಿತ್ತು. ಗಟ್ಟಿಯಾಗಲು ಮಾತ್ರ ಒಲ್ಲೆ ಎನ್ನುತ್ತಿತ್ತು. ಸೂಜಿ ಇಟ್ಟರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಈ ಸಂಜೆಯೊಳಗೆ ಗಟ್ಟಿಯಾಗದಿದ್ದರೆ ಬೇರೆ ವಿಷಯ ನೋಡಿಕೋ ಎಂದು ಗೈಡ್ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಆ ಮೇಡಂ ಇವನ ಒಡಹುಟ್ಟಿದ ಅಕ್ಕ.

“ನನ್ನ ಕೆಲಸ ಕೆಡಿಸೋಕೆ ಅಕ್ಕ ಕಳಿಸಿದ್ರಾ?”

“ಅಯ್ಯೋ, ಇಲ್ಲ. ನೀರು ಸೋರಿದೆ ಅಂದ್ಕೊಂಡೆ. ನಮ್ಮ ಕೆಲಸದಲ್ಲಿ ಪಸೆ ಇದ್ರೆ ಮಾಡಿದ್ದೆಲ್ಲ ಹಾಳು.”

ಈ ಪೇಸ್ಟ್ ಪಸೆ ಕುಡಿದೇ ಗಟ್ಟಿಯಾಗುವುದು ಎಂದು ಅವಳು ಹೇಳಿದಾಗ ಅವನ ಮುಖ ಬಾಡಿಹೋಯಿತು. ದಿನವೂ ಒರೆಸುತ್ತಿದ್ದೆ ಎಂದು ಒಪ್ಪಿಕೊಂಡ.

“ದಿನಾನಾ? ಯಾಕೆ?”

ಅವನು ಬಟ್ಟೆ ಹಿಂಡುತ್ತ ನಿಂತ. “ನಿಮಗೆ ಏನಾದ್ರೂ ಮಾಡ್ಬೇಕು ಅನ್ಸೋದು. ಮಾತಾಡೋಕೆ ಧೈರ್ಯ ಬರ್ತಿರ್ಲಿಲ್ಲ.”

ಬೈಯಲು ಬಾಯಿ ತೆರೆದವಳಿಗೆ ಬೈಗುಳವೇ ಮರೆತುಹೋಯಿತು. ಇಷ್ಟು ಶ್ರದ್ಧೆಯಿಂದ ತನ್ನ ಥೀಸಿಸ್‌ಗೆ ಮಣ್ಣು ಹಾಕಿದವನ ಮೇಲೆ ಮುದ್ದು ಉಕ್ಕಿ ಬಂತು, ಏನು ಮಾಡುವುದು!

ಹೊಸ ಪೇಸ್ಟನ್ನು ಅಚ್ಚಿಗೆ ತುಂಬಿ, ತಟ್ಟೆಗೆ ನೀರು ಸುರಿದು, ಇಬ್ಬರೂ ಕಾವಲು ಕೂತರು. ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡಲು ಅವನ ಕೈ ಹೋಗುತ್ತಿತ್ತು. ಅವಳು ಮೆಲ್ಲಗೆ ಹೊಡೆದು ಹಿಂದಕ್ಕೆ ಸರಿಸುತ್ತಿದ್ದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಸರಿಸುವುದನ್ನು ಬಿಟ್ಟು ಆ ಕೈಯನ್ನು ಹಿಡಿದುಕೊಂಡೇ ಕೂತಳು.

ಸಂಜೆ ಮೇಡಂ ಬಂದರು. ತಾವೇ ಸೂಜಿ ಇಳಿಸಿದರು. ಪೇಸ್ಟಿನ ಮೇಲೆ ಗುರುತೇ ಮೂಡಲಿಲ್ಲ. ಮತ್ತೊಮ್ಮೆ ಇಳಿಸಿದರು. ಇಲ್ಲ.

“ಮುಂದುವರಿಸು,” ಎಂದು ಅವಳಿಗೆ ಹೇಳಿ, ತಮ್ಮನ ಕಡೆ ತಿರುಗಿದರು. “ನಿನಗೇನೋ ಇಲ್ಲಿ ಕೆಲಸ?”

ಅವನು ಸೂರು ನೋಡಿದ. ಮೇಡಂ ನಗು ನುಂಗಿಕೊಂಡು ಹೊರಟುಹೋದರು.

ಅವಳಿಗೆ ಕುಣಿಯುವಷ್ಟು ಖುಷಿ. ಅವನ ಹೆಗಲ ಮೇಲಿದ್ದ ಒರೆಸುವ ಬಟ್ಟೆಯನ್ನು ಕಿತ್ತುಕೊಂಡು ತನ್ನ ಡ್ರಾಯರ್‌ಗೆ ಹಾಕಿ ಬೀಗ ಜಡಿದಳು.

“ನಾಳೆನೂ ಬೆಳಿಗ್ಗೆ ಬನ್ನಿ,” ಎಂದಳು, “ಬರಿಗೈಲಿ.”