ಹನ್ನೆರಡನೆಯ ಅಧ್ಯಾಯದ ಪಿನ್ನುಗಳು

ಠಾಕುರ್ಲಿ ಸ್ಟೇಷನ್ನಿಗೆ ಮುಂಬಯಿ ಲೋಕಲ್ ಬಂದು ನಿಂತಾಗ ಮೂರನೆಯ ಡಬ್ಬಿಯ ಕಿಟಕಿಯಲ್ಲಿ ಎಂದಿನಂತೆ ಹೃಷೀಕೇಶನ ಮುಖ ಕಾಣಿಸಿತು.

ಆ ಕಿಟಕಿ ಸೀಟಿಗಾಗಿ ಅವನು ಪ್ರತಿ ಬೆಳಿಗ್ಗೆ ಡೊಂಬಿವಲಿಯಲ್ಲಿ ಹತ್ತಿ ಉಲ್ಟಾ ಕಲ್ಯಾಣಕ್ಕೆ ಹೋಗುತ್ತಿದ್ದ. ಅಲ್ಲಿ ಇಳಿಯದೆ ಕೂತು, ಅದೇ ಗಾಡಿಯಲ್ಲಿ ಮರಳುತ್ತಿದ್ದ. ಠಾಕುರ್ಲಿಯಲ್ಲಿ ವಾರಿಜಾ ಹತ್ತಿದೊಡನೆ ಎದ್ದು ಅವಳಿಗೆ ಸೀಟು ಬಿಟ್ಟು, ಠಾಣೆಯವರೆಗೆ ಎದುರು ನಿಲ್ಲುತ್ತಿದ್ದ. ಅವಳು ಕತ್ತೆತ್ತಿದರೆ ಅವನು ಬೇಗನೆ ಫ್ಯಾನಿನತ್ತ ನೋಡುತ್ತಿದ್ದ. ಆ ಫ್ಯಾನು ತಿರುಗಿದ್ದನ್ನು ಇಬ್ಬರೂ ಕಂಡಿರಲಿಲ್ಲ. ಇಬ್ಬರ ನಿಶ್ಚಿತಾರ್ಥವಾದಂದಿನಿಂದ ಹೀಗೇ ನಡೆದಿತ್ತು.

ಇವತ್ತು ವಾರಿಜಾ ಅವನನ್ನು ನೋಡಿದಳು. ನೋಡಿಯೂ ಲೇಡೀಸ್ ಡಬ್ಬಿಯತ್ತ ನಡೆದಳು.

ಅವಳ ಬ್ಯಾಗಿನಲ್ಲಿ ಒಂದು ಕಾದಂಬರಿಯಿತ್ತು. ಹೃಷೀಕೇಶ ಭಾನುವಾರಗಳಲ್ಲಿ ಪುಸ್ತಕ ಕೊಡಲು ಕೂರುವ ಡೊಂಬಿವಲಿಯ ಕನ್ನಡ ವಾಚನಾಲಯದ್ದು. ಆಫೀಸಿನ ಗೆಳತಿಯೊಬ್ಬಳು ಹೊಗಳಿದ್ದಳೆಂದು ತಾನೇ ಅವನಲ್ಲಿ ಕೇಳಿ ತರಿಸಿಕೊಂಡಿದ್ದಳು.

ಕಥೆಯಲ್ಲಿ ಒಬ್ಬ ಗಂಡ. ದನಿ ಎತ್ತದವನು. ಹೆಂಡತಿ ಏಳುವ ಮೊದಲೇ ಪೇಪರಿನಿಂದ ಕೆಟ್ಟ ಸುದ್ದಿಗಳನ್ನೆಲ್ಲ ಕತ್ತರಿಸಿ ತೆಗೆಯುತ್ತಾನೆ. ಆಮೇಲೆ ಕಾಫಿಯ ಜೊತೆ ಆ ತೂತುಬಿದ್ದ ಪೇಪರನ್ನು ಕೊಡುತ್ತಾನೆ. 'ನಿನಗೇಕೆ ಇದೆಲ್ಲ' ಎನ್ನುತ್ತಾನೆ. ಮುಂದೆ ಅವಳ ತಂಗಿಯ ಫೋನು ಬಂದದ್ದನ್ನೂ ಹೇಳುವುದಿಲ್ಲ. ಕೊನೆಗೆ ಬೀದಿ ಕಾಣುವ ಕಿಟಕಿಗೆ ಮೊಳೆ ಹೊಡೆಯುತ್ತಾನೆ, ಹೆಂಡತಿಗೆ ಥಂಡಿಯಾದೀತೆಂದು. ಹಿಂದಿನ ರಾತ್ರಿ ಓದುತ್ತ ವಾರಿಜಾಳಿಗೆ ಆ ಗಂಡನನ್ನು ಸಹಿಸಲಾಗಲಿಲ್ಲ. ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ.

ಹನ್ನೆರಡನೆಯ ಅಧ್ಯಾಯಕ್ಕೆ ಬಂದರೆ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಅಂಚಿನುದ್ದಕ್ಕೂ ಸ್ಟೇಪಲ್ ಪಿನ್ ಹೊಡೆದಿತ್ತು. ಮೇಲೆ ಪೆನ್ಸಿಲ್ಲಿನಲ್ಲಿ ಹೃಷೀಕೇಶನ ದುಂಡು ಅಕ್ಷರ: 'ಇದನ್ನು ಬಿಟ್ಟು ಮುಂದೆ ಓದು. ನಿನಗೆ ಬೇಡ.'

ಕಥೆಯೊಳಗಿನ ಕೈ ಹೊರಗೆ ಚಾಚಿ ತನ್ನ ಮಣಿಕಟ್ಟು ಹಿಡಿದಂತಾಯಿತು ಅವಳಿಗೆ.

"ಪಾಪ, ಎಷ್ಟು ಕಾಳಜಿ ಮಾರಾಯ್ತಿ," ಎಂದಿದ್ದರು ಚಿಕ್ಕಮ್ಮ. ಅವಳು ಇದ್ದದ್ದು ಅವರ ಮನೆಯಲ್ಲೇ. "ನಿನ್ನ ಚಿಕ್ಕಪ್ಪ ನನಗೆ ಸೀಟು ಬಿಡುದು ಹಾಗಿರ್ಲಿ, ಗಾಡಿ ಬಂತು ಅಂತ ಸಹ ಹೇಳಿದವರಲ್ಲ."

"ಆ ಕಾಳಜಿಯೇ ಹೆದರಿಸ್ತದೆ ಚಿಕ್ಕಮ್ಮ."

"ಪುಸ್ತಕ ಓದಿ ಮದುವೆ ಮುರಿಯುವವರನ್ನು ನಾನು ನೋಡ್ಲಿಲ್ಲಪ್ಪ. ಮೇ ತಿಂಗಳಿಗೆ ಹಾಲ್ ಬುಕ್ ಆಗಿದೆ."

ಲೇಡೀಸ್ ಡಬ್ಬಿಯಲ್ಲಿ ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದ ಮರಾಠಿ ಹೆಂಗಸೊಬ್ಬಳು ಅವಳ ಮುಖ ನೋಡಿದಳು. "ಬಸ್ತೇಸ್ ಕಾ ಗ?" ಕೂರುತ್ತೀಯಾ ಎಂದು ಕೇಳಿದಳು. ವಾರಿಜಾ ತಲೆಯಾಡಿಸಿದ ಮೇಲೆಯೇ ಸರಿದು ಜಾಗ ಮಾಡಿದಳು. ಅಷ್ಟಕ್ಕೇ ವಾರಿಜಾಳ ಕಣ್ಣು ತುಂಬಿತು.

ಠಾಣೆಯಲ್ಲಿ ಹೃಷೀಕೇಶ ಸೇತುವೆಯ ಮೆಟ್ಟಿಲ ಬಳಿ ಕಾಯುತ್ತಿದ್ದ. ರಬಾಳೆಯ ಕಾರ್ಖಾನೆಗೆ ಅವನು ಅಲ್ಲಿಂದ ಬಸ್ಸು ಹಿಡಿಯಬೇಕು.

"ಎಂತ ಆಯ್ತು? ಮೈ ಸರಿ ಇಲ್ವಾ?"

ಅವಳು ಪುಸ್ತಕ ತೆಗೆದು ತೋರಿಸಿದಳು. ಪಿನ್ನುಗಳು ಹಾಗೇ ಇದ್ದವು.

"ಓ, ಅದಾ," ಎಂದು ನಕ್ಕ. "ಒಳ್ಳೇದಾಯ್ತು, ಓದ್ಲಿಲ್ಲ ಅಲ್ವಾ. ತುಂಬಾ ಕೆಟ್ಟದುಂಟು ಅದರಲ್ಲಿ."

"ಪೇಪರ್ ಕತ್ತರಿಸ್ತಿದ್ದವನೂ ಹಾಗೇ ಹೇಳ್ತಿದ್ದದ್ದು."

ಅವನ ನಗು ನಿಂತಿತು. ಇಳಿದು ಬರುತ್ತಿದ್ದವರು ಇಬ್ಬರನ್ನೂ ತಳ್ಳಿಕೊಂಡು ಹೋದರು. ಅವನು ಅವಳ ಪಕ್ಕಕ್ಕೆ ಕೈ ಅಡ್ಡ ಹಿಡಿಯಲು ಹೋಗಿ, ಏನೋ ಹೊಳೆದಂತೆ ಕೈ ಇಳಿಸಿದ.

"ಅದರಲ್ಲಿ ಆ ಹೆಂಡತಿಗೆ ಕಾಯಿಲೆ ಬರ್ತದೆ," ಎಂದ ತಗ್ಗಿದ ದನಿಯಲ್ಲಿ. "ಎಲ್ಲರೂ ಸೇರಿ ಏನಿಲ್ಲ ಅಂತ ಹೇಳ್ತಾರೆ. ನಮ್ಮಮ್ಮನಿಗೂ ನಾವು ಗ್ಯಾಸ್ ಟ್ರಬಲ್ ಅಂತ್ಲೇ ಹೇಳಿದ್ದು. ಕ್ಯಾನ್ಸರ್ ಅಂತ ಯಾರೂ ಬಾಯಿ ಬಿಡ್ಲಿಲ್ಲ. ಒಂದಿನ ನಾನು ಕಿತ್ತಳೆ ಸುಲಿದು ಕೊಡ್ತಿದ್ದೆ. 'ಮಗಾ, ನನಗೆ ಗೊತ್ತುಂಟು. ನೀವು ನಗ್ತೀರಿ ಅಂತ ನಾನೂ ನಗ್ತಾ ಇದ್ದೇನೆ. ಸಾಕಾಯ್ತು' ಅಂದ್ರು."

"ನೀವು ಎಂತ ಹೇಳಿದ್ರಿ?"

"ಇನ್ನೊಂದು ತೊಳೆ ಅವರ ಬಾಯಿಗಿಟ್ಟೆ."

ವಾರಿಜಾಳಿಗೆ ಅವನ ಅಂಗಿಯ ತೋಳು ಮುಟ್ಟಬೇಕೆನಿಸಿತು. ಮುಟ್ಟಲಿಲ್ಲ.

"ಆ ಅಧ್ಯಾಯ ನನಗೇ ಪೂರ್ತಿ ಓದ್ಲಿಕ್ಕೆ ಆಗ್ಲಿಲ್ಲ ವಾರಿಜಾ. ನಿನಗೆ ಬೇಡ ಅಂತ ಬರೆದೆ."

"ನನಗೆ ಪಾಪ ಅನಿಸ್ತದೆ. ಆದ್ರೆ ಪಾಪ ಅನಿಸಿ ಮದುವೆ ಆಗ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾನು ಹೆದರುದಾದ್ರೆ ಹೆದರ್ತೇನೆ. ಅದು ನನ್ನ ಹೆದರಿಕೆ. ನಾಳೆ ನನಗೆ ಕಾಯಿಲೆ ಬಂದ್ರೂ ನೀವು ಕಿತ್ತಳೆಯೇ ಸುಲಿತೀರಾ?"

ಅವನು ಪುಸ್ತಕದ ಪಿನ್ನುಗಳನ್ನೇ ನೋಡಿದ. "ಮದುವೆ ಬೇಡ ಅಂತೀಯಾ?"

"ಗೊತ್ತಿಲ್ಲ," ಎಂದು ಅವಳು ಮೆಟ್ಟಿಲು ಹತ್ತಿದಳು. ಮೇಲಿನಿಂದ ನೋಡಿದರೆ ಅವನು ಅಲ್ಲೇ ನಿಂತಿದ್ದ. ಬಸ್ಸಿನ ಕಡೆ ಹೋಗಿರಲಿಲ್ಲ. ಆಫೀಸಿನಲ್ಲಿ ಇಡೀ ದಿನ ಅವಳ ಕಣ್ಣಮುಂದೆ ಆ ಕೈ ಬರುತ್ತಿತ್ತು. ಚಾಚಿದ್ದಲ್ಲ, ಇಳಿಸಿಕೊಂಡದ್ದು.

ಮರುದಿನ ಅವಳು ಬೇಗ ಹೊರಟಳು. ಎಂದಿನ ಪ್ಲಾಟ್‌ಫಾರಂ ಬಿಟ್ಟು ಎದುರಿನದಕ್ಕೆ ಹೋಗಿ, ಕಲ್ಯಾಣದ ಕಡೆಯ ಗಾಡಿ ಬಂದಾಗ ಅವನ ಡಬ್ಬಿ ಹತ್ತಿದಳು.

ಹೃಷೀಕೇಶ ಕಿಟಕಿಗೆ ತಲೆಯಾನಿಸಿ ಕೂತಿದ್ದ. ನಿದ್ದೆಗೆಟ್ಟ ಕಣ್ಣು. ಅವಳನ್ನು ಕಂಡು ಅಭ್ಯಾಸಬಲದಿಂದ ಏಳಹೋದ. ಅರ್ಧ ಎದ್ದವನು ಹಾಗೇ ನಿಂತು, "ಕಿಟಕಿ ಬೇಕಾ?" ಎಂದು ಕೇಳಿದ.

ಹಿಂದೆಂದೂ ಅವನು ಹಾಗೆ ಕೇಳಿರಲಿಲ್ಲ.

"ಬೇಡ. ಅಲ್ಲಿ ಗಾಳಿಗೆ ನನ್ನ ಜಡೆ ಎಲ್ಲ ಕೆದರ್ತದೆ. ಇಷ್ಟು ದಿನ ಹೇಳ್ಲಿಕ್ಕೆ ಆಗ್ಲಿಲ್ಲ."

"ದೇವರೇ," ಎಂದ. "ಅದಕ್ಕೆ ನಾನು ದಿನಾ ಕಲ್ಯಾಣ ಸುತ್ತಿದ್ದಾ?"

ಅವಳಿಗೆ ನಗು ಬಂತು, ಜೊತೆಗೆ ಅಳುವೂ. ಅವನ ಪಕ್ಕದಲ್ಲಿ ಕೂತು ಪುಸ್ತಕವನ್ನು ಅವನ ಮಡಿಲಲ್ಲಿಟ್ಟಳು. "ನೀವೇ ತೆಗೀರಿ. ನೀವೇ ಓದಿ, ನಾನು ಕೇಳ್ತೇನೆ."

ಅವನು ಮನೆಯ ಬೀಗದಕೈಯಿಂದ ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿದ. ಕಲ್ಯಾಣದಲ್ಲಿ ಜನ ಇಳಿದರು, ಬೇರೆ ಜನ ನುಗ್ಗಿದರು. ಇಬ್ಬರೂ ಅಲ್ಲಾಡಲಿಲ್ಲ. ಗಾಡಿ ತಿರುಗಿ ಹೊರಟಾಗ ಅವನು ಅವಳಿಗಷ್ಟೇ ಕೇಳುವಂತೆ ಓದತೊಡಗಿದ. ಹಾಸಿಗೆ ಹಿಡಿದ ಹೆಂಗಸು, ಬಾಗಿಲಾಚೆಯ ಪಿಸುಮಾತು, ಒಳಗೆ ಬಂದು ನಗುವ ಗಂಡ. ಕೆಟ್ಟದ್ದೇ ಇತ್ತು ಅದು. ವಾರಿಜಾಳ ಕೈ ತಣ್ಣಗಾಯಿತು. ಒಂದೆರಡು ಕಡೆ ಅವನು ಓದಿದ ಸಾಲನ್ನೇ ಮತ್ತೆ ಓದಿದ. ಅವಳು ಪುಸ್ತಕ ಕಸಿದುಕೊಳ್ಳಲಿಲ್ಲ, ಕಾದಳು.

ಕಿಟಕಿಯಾಚೆ ಠಾಕುರ್ಲಿ ಬಂತು. ತಾನು ದಿನವೂ ಕಾಯುವ ಜಾಗವನ್ನು ಅವನು ದಿನವೂ ನೋಡುವ ಕಿಟಕಿಯಿಂದ ನೋಡಿದಳು. ಎಷ್ಟು ದೂರದಿಂದಲೇ ಕಾಣುತ್ತಿತ್ತು ಅದು.

"ಹಾಲ್ ಬುಕ್ಕಿಂಗ್ ಹಾಗೇ ಇರ್ಲಿ," ಎಂದಳು ಹೊರಗೆ ನೋಡುತ್ತಲೇ.

ಅವನು ಫ್ಯಾನಿನತ್ತಲ್ಲ, ಅವಳತ್ತ ನೋಡಿದ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, "ಮುಂದಿನ ಪುಟ ಇನ್ನೂ ಕಷ್ಟ ಉಂಟು. ಓದಲಾ?" ಎಂದು ಕೇಳಿದ.

ಅವಳು ತಣ್ಣಗಿನ ಕೈಯನ್ನು ಅವನ ಕೈಯ ಮೇಲಿಟ್ಟಳು.

"ಓದಿ."